ಮುಳುಗಿದ ನಾಡು

ನಡೆದ ಸಂಗತಿಗೆ ಮಾತ್ರವೇ ಸತ್ಯವೆಂಬ ಹೆಸರು ಸಲ್ಲುವುದೆ? ಕಲ್ಪಿತವಾದ ಕಥೆಯೂ ಸತ್ಯವನ್ನು ನುಡಿಯಬಲ್ಲುದೆ? ಈ ವಿಚಾರಕ್ಕೆ ಗ್ರೀಸ್ ದೇಶದ ಅಟ್ಲಾಂಟಿಸ್ ಕಥೆಯು ತಕ್ಕ ನಿದರ್ಶನವಾಗಿದೆ.

ಕ್ರಿಸ್ತಪೂರ್ವ 360ರ ಸುಮಾರಿನಲ್ಲಿ ತತ್ತ್ವಜ್ಞಾನಿ ಪ್ಲೇಟೋ ‘ಟಿಮೇಯಸ್’, ‘ಕ್ರಿಟಿಯಾಸ್’ ಎಂಬ ಸಂವಾದಗಳಲ್ಲಿ ಇದನ್ನು ಹೇಳಿದನು. ಅಥೆನ್ಸಿನ ಸೋಲನ್ ಎಂಬ ಶಾಸನಕರ್ತನು ಈಜಿಪ್ಟಿನ ಅರ್ಚಕರಿಂದ ಕೇಳಿದ ವೃತ್ತಾಂತವಿದೆಂದು ಅಲ್ಲಿ ಬರುತ್ತದೆ. ಸೋಲನನಿಗಿಂತ 9,000 ವರ್ಷಗಳ ಹಿಂದೆ ಪಶ್ಚಿಮ ಸಾಗರದ ಮಹಾದ್ವೀಪವೊಂದನ್ನು ಹತ್ತು ಮಂದಿ ಅರಸರು ಆಳುತ್ತಿದ್ದರಂತೆ. ಸಮುದ್ರದೇವತೆಯ ವಂಶಜರಾದ ಅವರು ಬಹುಕಾಲ ಸಂಪತ್ತನ್ನು ಹೊರೆಯೆಂದೇ ಬಗೆದು ಸದ್ಗುಣವನ್ನು ಮಿಗಿಲಾಗಿ ಎಣಿಸಿದರು. ದೈವಾಂಶವು ಕುಂದಿದಂತೆ ಲೋಭವೂ ಅಧಿಕಾರಮದವೂ ತಲೆಯೆತ್ತಿದುವು. ಪರರಾಜ್ಯಗಳ ಮೇಲೆ ದಂಡೆತ್ತಿ ಹೋಗಿ ಅಥೆನ್ಸಿನಿಂದ ಸೋತರು. ಕಡೆಗೆ ಒಂದೇ ಹಗಲು ರಾತ್ರಿಯಲ್ಲಿ ದ್ವೀಪವು ಕಡಲ ಪಾಲಾಯಿತು.

ಈ ನಾಡು ಎಲ್ಲಿತ್ತು? ಅದು ಅಟ್ಲಾಂಟಿಕ್ ಸಾಗರದಲ್ಲಿ ನಿಜವಾಗಿಯೂ ಇದ್ದ ಭೂಖಂಡವೆಂದು ಅಮೆರಿಕದ ಇಗ್ನೇಷಿಯಸ್ ಡಾನೆಲ್ಲಿ 1882ರಲ್ಲಿ ವಾದಿಸಿದನು. ಸಾಗರತಳದ ಶೋಧನೆಯಿಂದ ಆ ವಾದ ನಿಲ್ಲದೆ ಹೋಯಿತು. ಕ್ರೀಟ್ ದ್ವೀಪದ ಮಿನೋವನ್ ನಾಗರಿಕತೆಯೇ ಕಥೆಯ ಮೂಲವೆಂದು 1909ರಲ್ಲಿ ಕೆ. ಟಿ. ಫ್ರಾಸ್ಟ್ ಸೂಚಿಸಿದನು. ಥೇರಾ ದ್ವೀಪದ ಜ್ವಾಲಾಮುಖಿಯಿಂದ ಆ ನಾಗರಿಕತೆ ಕುಸಿಯಿತೆಂದು 1939ರಲ್ಲಿ ಮರಿನಾಟೋಸ್ ಪ್ರತಿಪಾದಿಸಿದನು; 1967ರಲ್ಲಿ ಅಲ್ಲಿಯೇ ಉತ್ಖನನವನ್ನು ಆರಂಭಿಸಿ ಬೂದಿಯಡಿ ಹುದುಗಿದ್ದ ಪಟ್ಟಣವನ್ನು ಬೆಳಕಿಗೆ ತಂದನು. ಆದರೆ ಆ ಸ್ಫೋಟದ ತರುವಾಯವೂ ಕ್ರೀಟಿನ ಅರಮನೆಗಳು ಹಲವು ತಲೆಮಾರು ಬಾಳಿದುವು.

ಫ್ರಾನ್ಸಿನ ವಿದಾಲ್-ನಾಕೆ 1964ರಲ್ಲಿ ಬೇರೊಂದು ದಾರಿ ಹಿಡಿದನು. ಅವನ ಮತದಂತೆ ಕಥೆಯೊಳಗಿನ ಪುರಾತನ ಅಥೆನ್ಸು ಪ್ಲೇಟೋವಿನ ಆದರ್ಶ. ಹಡಗುಗಳಿಂದಲೂ ಹೊನ್ನಿನಿಂದಲೂ ಬೀಗಿದ ಅಟ್ಲಾಂಟಿಸೇ ಅವನು ಕಣ್ಣಾರೆ ಕಂಡ ಅಥೆನ್ಸು. ಪ್ಲೇಟೋ ಬಾಲಕನಾಗಿದ್ದಾಗ, ಕ್ರಿಸ್ತಪೂರ್ವ 415ರಲ್ಲಿ, ಆ ನಗರವು ರಾಜ್ಯದಾಸೆಯಿಂದ ಸಿಸಿಲಿಯ ಮೇಲೆ ನೌಕಾಸೇನೆಯನ್ನು ಕಳುಹಿತು. ಎರಡೇ ವರ್ಷಗಳಲ್ಲಿ ಆ ಸೇನೆ ನಿರ್ನಾಮವಾಯಿತು.

ಈ ವ್ಯಾಖ್ಯಾನದಲ್ಲಿ ಕಥೆಗೆ ಜೀವ ಬರುತ್ತದೆ. ಮುಳುಗಿದ ನಾಡು ದೂರದ ಕಡಲಿನದಾದರೆ ತಪ್ಪು ಅನ್ಯರದು. ಕೇಳುವವನಿಗೆ ಕುತೂಹಲವೊಂದೇ ಲಾಭ. ಅದು ತನ್ನ ನಗರವೇ ಆದರೆ ಪ್ರತಿಯೊಬ್ಬ ಕೇಳುಗನೂ ಉತ್ತರ ಕೊಡಬೇಕಾಗುತ್ತದೆ.

ದೇವರಾಜನಾದ ಜ್ಯೂಸ್ ದೇವತೆಗಳ ಸಭೆ ಕೂಡಿಸಿ ಮಾತಿಗೆ ತೊಡಗುವಲ್ಲಿಯೇ ‘ಕ್ರಿಟಿಯಾಸ್’ ನಿಂತುಹೋಗಿದೆ. ತೀರ್ಪಿನ ನುಡಿ ನಮಗೆ ದೊರೆತಿಲ್ಲ. ಅದನ್ನು ಸಾಗರತಳದಲ್ಲಿ ಅರಸುವುದು ವ್ಯರ್ಥ. ಕೈಸೇರಿದ ಸಂಪತ್ತನ್ನು ಹೊರೆಯೆಂದು ಬಗೆದಿರುವೆವೋ ಹಿರಿಮೆಯೆಂದು ಮೆರೆಯುತ್ತಿರುವೆವೋ ಎಂದು ಗೃಹಸ್ಥನಾದವನು ತನ್ನನ್ನೇ ಕೇಳಿಕೊಂಡರೆ ಆ ತೀರ್ಪು ತಾನಾಗಿ ತಿಳಿದುಬರುವುದು.