ಮನೆಯ ಬೀಜ

ನವರಾತ್ರಿಯ ಮೊದಲ ದಿನವಾದ ಆಶ್ವಯುಜ ಶುದ್ಧ ಪಾಡ್ಯಕ್ಕೆ ಹಿಡಕಲ್ ಸುತ್ತಿನ ಹುಕ್ಕೇರಿ, ಗೋಕಾಕ ಸೀಮೆಯ ಮನೆಗಳಲ್ಲಿ ಘಟ್ಟ ಹಾಕುತ್ತಾರೆ. ಪತ್ರಾವಳಿಯ ಮೇಲೆ ಹೊಲದ ಮಣ್ಣು ಹರವಿ, ಜೋಳ, ಗೋಧಿ, ಕಡಲೆ ಬೆರೆಸಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಇಟ್ಟು, ಅದರ ಬಾಯಿಗೆ ವೀಳ್ಯದೆಲೆ, ಮೇಲೊಂದು ತೆಂಗಿನಕಾಯಿ. ದೇವಿ ಬಂದಳು. ಬೆಳ್ಳಿಯ ಮುಖವಾಡ ಇದ್ದವರು ಇಡಲಿ, ಇಲ್ಲದವರ ಪೂಜೆ ಅದರಿಂದ ಕಡಿಮೆಯಾಗುವುದಿಲ್ಲ. ಕಾಳು ಮಾತ್ರ ಮೊಳೆಯುವಂಥದ್ದೇ ಬೇಕು. ಒಡೆದ ಬೇಳೆಯನ್ನು ಎಷ್ಟು ಭಕ್ತಿಯಿಂದ ಚೆಲ್ಲಿದರೂ ಅದು ಬೇಳೆಯಾಗಿಯೇ ಉಳಿಯುತ್ತದೆ.

ಹಿಂಗಾರಿ ಬಿತ್ತನೆಯ ಹೊತ್ತಿಗೇ ನವರಾತ್ರಿ ಬರುತ್ತದೆ. ಕೂರಿಗೆ ಹೊಲಕ್ಕೆ ಇಳಿಯುವ ಮುಂಚೆ ಬೀಜದ ಕಸುವು ದೇವರ ಮುಂದೆಯೇ ತಿಳಿಯುತ್ತದೆ. ಗಡಿಗೆಯ ಮೈಯಿಂದ ನೀರು ಜಿನುಗಿ ಮಣ್ಣು ತಂಪಾಗಿರುತ್ತದೆ. ಮೇಲೆ ಒಂದಿಷ್ಟು ಚಿಮುಕಿಸಿದರೆ ಸಾಕು, ಸುರಿದರೆ ಮೊಳಕೆ ಕೊಳೆಯುತ್ತದೆ. ದೇವರ ಮನೆಯ ಕತ್ತಲಲ್ಲಿ ಬೆಳೆದ ಸಸಿ ಹಸಿರಾಗದೆ ತಿಳಿಹಳದಿ ಬಣ್ಣಕ್ಕೆ ತಿರುಗುತ್ತದೆ. ದಿನಾ ಬೆಳಿಗ್ಗೆ ಎದ್ದು ಅದರ ತೇವ ನೋಡಿ, ನಂದಾದೀಪಕ್ಕೆ ಎಣ್ಣೆ ಹಾಕುವ ಹೆಂಗಸಿನ ಆ ಎಚ್ಚರವೇ ನನ್ನ ಕಣ್ಣಿಗೆ ಪೂಜೆ. ಮಂತ್ರ ಆಮೇಲಿನದು.

ಈ ಸೀಮೆಯ ಹೊಲಗಳ ಬದುಕು ಬದಲಿಸಿದ್ದು ಅಣೆಕಟ್ಟು. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯ 51 ಟಿಎಂಸಿ ನೀರು ಹಿಡಿಯುತ್ತದೆ. ಆ ನೀರು ಈ ಸೀಮೆಗೆ ಅನ್ನ ಕೊಟ್ಟಿದೆ, ಅದನ್ನು ಮರೆಯಬಾರದು. ಅದೇ ನೀರಿನಲ್ಲಿ ಹುನ್ನೂರಿನ ವಿಠ್ಠಲನ ಗುಡಿ ಮುಳುಗಿತು. ನೀರು ಇಳಿದ ಬೇಸಿಗೆಯಲ್ಲಿ ಗುಡಿ ಮೇಲೆದ್ದು ಕಾಣುತ್ತದೆ, ಜನ ಹೋಗಿ ಕೈಮುಗಿದು ಬರುತ್ತಾರೆ. ಘಟ್ಟದ ದೇವಿಗೆ ಇಂಥದೇ ಜಾಗ ಎಂಬುದಿಲ್ಲ. ಆ ನೀರಿನಲ್ಲಿ ಹೊಲ ಕಳೆದುಕೊಂಡವರು ಎಲ್ಲಿ ನೆಲೆ ನಿಂತರೂ ಅಲ್ಲಿಯ ಒಂದು ಬೊಗಸೆ ಮಣ್ಣಿನಲ್ಲಿ ಅವಳನ್ನು ಕೂಡಿಸಬಹುದು.

ಆದರೆ ಕಾಲುವೆ ನೀರು ಬಂದ ಹೊಲಗಳಲ್ಲಿ ಜೋಳದ ಜಾಗಕ್ಕೆ ಕಬ್ಬು ಬಂತು. ಕಬ್ಬನ್ನು ನಾಟುವುದು ತುಂಡಿನಿಂದ, ಮನೆಯಲ್ಲಿ ಕಾಳು ಉಳಿಯುವುದಿಲ್ಲ. ಘಟ್ಟದ ಕಾಳು ಕಿರಾಣಿ ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತದೆ. ಅದೂ ಮೊಳೆಯುತ್ತದೆ, ಪೂಜೆಯೂ ಸಾಗುತ್ತದೆ. ಆದರೂ ನಮ್ಮ ಹೊಲದ ಮಣ್ಣಿನಲ್ಲಿ ಇನ್ನಾರದೋ ಹೊಲದ ಬೀಜ ಹಾಕಿ ನಮಗೆ ಬೆಳೆ ಕೊಡು ತಾಯಿ ಎನ್ನುವಾಗ ನನ್ನ ಮನಸ್ಸು ಹಿಂಜರಿಯುತ್ತದೆ.

ಕಬ್ಬಿನ ಪಕ್ಕದ ಒಂದು ಮೂಲೆಯಲ್ಲಿ ನಾಲ್ಕು ಸಾಲು ಬಿಳಿಜೋಳ ಬಿತ್ತಲು ಜಾಗ ಸಿಕ್ಕೀತು. ಗಟ್ಟಿ ತೆನೆ ಆರಿಸಿ ಒಣಗಿಸಿ, ಕಾಳಿಗೆ ಬೂದಿ ಬೆರೆಸಿ ಕಟ್ಟಿಟ್ಟರೆ ಮುಂದಿನ ಪಾಡ್ಯಕ್ಕೆ ಒದಗುತ್ತದೆ. ದಶಮಿಯ ದಿನ ಬನ್ನಿ ಹಂಚುವಾಗ ಬಾಜೂ ಮನೆಯವರಿಗೂ ಒಂದು ಹಿಡಿ ಕೊಡಲು ಉಳಿಯಬೇಕು.