ದಮ್ಮು ಮುರಿದದ್ದು ಯಾರ ಕಿವಿಗೆ?

ಕಬಡ್ಡಿಯಲ್ಲಿ ನಿರ್ಣಾಯಕನಿಗೆ ಅತಿ ಹೆಚ್ಚು ಕಷ್ಟ ಕೊಡುವುದು ಉಸಿರಿನ ನಿಯಮ. ದಾಳಿಗೆ ಹೋದವನು ಎದುರಾಳಿಯ ಅಂಕಣದಲ್ಲಿ ಇರುವಷ್ಟು ಹೊತ್ತೂ ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ಇರಬೇಕು. ದಾಳಿಗೆ 30 ಸೆಕೆಂಡು. ಅದನ್ನು ಗಡಿಯಾರ ನೋಡಿಕೊಳ್ಳುತ್ತದೆ, ಗಡಿಯಾರಕ್ಕೆ ಬಂಧುಬಳಗ ಇಲ್ಲ. ಗೆರೆ ತುಳಿದರೆ ಸುಣ್ಣದ ಪುಡಿಯ ಮೇಲೆ ಹೆಜ್ಜೆ ಮೂಡುತ್ತದೆ. ದಮ್ಮು ಮುರಿಯಿತೋ ಇಲ್ಲವೋ ಎಂಬುದಕ್ಕೆ ಮಾತ್ರ ನಿರ್ಣಾಯಕನ ಕಿವಿಯೊಂದೇ ಸಾಕ್ಷಿ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಶಾಲಾ ಮೈದಾನಗಳಲ್ಲಿ ಸೀಟಿ ಊದುತ್ತಲೇ ಮಾಸ್ತರಿಕೆ ಮುಗಿಸಿದ ನನಗೆ ಆ ಕಿವಿಯ ಗುಣ ಚೆನ್ನಾಗಿ ಗೊತ್ತು. ಆಟ ಏರ್ಪಡಿಸಿದ ಊರಿನ ಹುಡುಗನ ದಮ್ಮು ಅದಕ್ಕೆ ಉದ್ದವಾಗಿ ಕೇಳಿಸುತ್ತದೆ. ಟಂಟಂನಲ್ಲಿ ಒಬ್ಬರ ಮೇಲೊಬ್ಬರು ಕೂತು ಬಂದ ತಾಂಡಾದ ಹುಡುಗರ ದಮ್ಮು ಬೇಗ ಮುರಿಯುತ್ತದೆ.

ಸೋತು ಅಳುವ ಮಕ್ಕಳನ್ನು ಬೇಕಾದಷ್ಟು ಕಂಡಿದ್ದೇನೆ. ಸೋಲಿನ ಅಳು ಊಟದ ಹೊತ್ತಿಗೆ ಆರಿಹೋಗುತ್ತದೆ. ಆದರೆ, “ಅವರಿಗೊಂದ ನ್ಯಾಯ, ನಮಗೊಂದ ನ್ಯಾಯ ಏನ್ರಿ ಸರ?” ಎಂದು ಕೇಳಿ ಉತ್ತರ ಸಿಗದೆ ಹೋದವನು ಮುಂದಿನ ವರ್ಷ ಮೈದಾನಕ್ಕೆ ಬರುವುದಿಲ್ಲ. ಬಂದರೂ ಆಟ ಕಲಿಯಲು ಬರುವುದಿಲ್ಲ. ಯಾರ ಬೆನ್ನ ಹಿಂದೆ ನಿಂತರೆ ಗೆಲ್ಲಬಹುದು ಎಂಬುದನ್ನು ಕಲಿತುಕೊಂಡು ಬರುತ್ತಾನೆ. ಕಠಿಣ ನಿಯಮವನ್ನು ತಾಳಿಕೊಳ್ಳುವ ಮನುಷ್ಯ ಎರಡು ಬಗೆಯ ನಿಯಮವನ್ನು ಯಾಕೆ ತಾಳಲಾರ? ಇದು ಆಟದ ಪ್ರಶ್ನೆಯಾಗಿ ನನಗೆ ಎದುರಾಯಿತು. ಬರಬರುತ್ತ ಧರ್ಮದ ಪ್ರಶ್ನೆಯಾಗಿ ಉಳಿಯಿತು.

ನಮ್ಮ ಬಾಗೇವಾಡಿಯಲ್ಲಿ ಮಕ್ಕಳಿಗೆಲ್ಲ ಗೊತ್ತಿರುವ ಕಥೆಯೊಂದಿದೆ. ಬಾಲಕ ಬಸವನಿಗೆ ಉಪನಯನಕ್ಕೆ ಸಿದ್ಧತೆ ನಡೆದಾಗ ಅವನು ಅಕ್ಕ ನಾಗಮ್ಮನಿಗೂ ಜನಿವಾರ ಹಾಕುವಿರಾ ಎಂದು ಕೇಳಿದನಂತೆ. ಹೆಣ್ಣುಮಕ್ಕಳಿಗೆ ಇಲ್ಲ ಎಂದಾಗ ನನಗೂ ಬೇಡ ಎಂದನಂತೆ. ಬಸವಣ್ಣನ ಚರಿತ್ರೆ ಹೇಳುವ ಕಾವ್ಯಗಳಲ್ಲಿ ಈ ಪ್ರಸಂಗದ ವಿವರ ಒಂದೇ ತೆರನಾಗಿಲ್ಲ; ಜನರ ಬಾಯಲ್ಲಿ ಮಾತ್ರ ಅಕ್ಕ ತಮ್ಮನ ಈ ಮಾತೇ ಗಟ್ಟಿಯಾಗಿ ನಿಂತಿದೆ. ನಾನು ಇದರಲ್ಲಿ ಗಮನಿಸುವುದು ಪ್ರಶ್ನೆ ಕೇಳಿದವನು ಎಲ್ಲಿ ನಿಂತಿದ್ದ ಎಂಬುದನ್ನು. ಆ ನಿಯಮದಿಂದ ಹುಡುಗನಿಗೆ ಲಾಭವಿತ್ತು. ಮಾದರಸನ ಮಗ, ಅಗ್ರಹಾರದ ಮನೆ, ಮುಂದೆ ಎಲ್ಲ ಬಾಗಿಲೂ ತೆರೆಯುತ್ತಿದ್ದವು. ಸೋತವನು ನಿಯಮ ಸರಿಯಿಲ್ಲ ಎಂದರೆ ಸೋತ ಸಿಟ್ಟು ಎಂದು ತಳ್ಳಿಹಾಕಬಹುದು. ಗೆಲ್ಲುವ ಪಾಳಿಯಲ್ಲಿದ್ದವನೇ ಕೈ ಎತ್ತಿದರೆ ಏನು ಹೇಳಿ ತಳ್ಳಿಹಾಕುವುದು?

ಇದಕ್ಕೆ ಎದುರಾಗಿ ಬಿಜ್ಜಳನನ್ನು ನಿಲ್ಲಿಸಿ ನೋಡುತ್ತೇನೆ. ಇಂಡಿಯಿಂದ ರಾಜ್ಯದ ಗಡಿ ದಾಟಿ ಹೋದರೆ, ಈಗಿನ ಸೊಲ್ಲಾಪುರ ಜಿಲ್ಲೆಯಲ್ಲಿ ಮಂಗಳವೇಢೆ. ಕಲಚುರಿಗಳ ಆ ಊರಿನಿಂದ ಚಾಲುಕ್ಯರ ಮಾಂಡಲಿಕನಾಗಿದ್ದವನು ಒಡೆಯನನ್ನೇ ಬದಿಗೆ ಸರಿಸಿ ಕಲ್ಯಾಣದ ಗದ್ದುಗೆ ಏರಿದ. ಮಾಂಡಲಿಕ ಒಡೆಯನಿಗೆ ನಿಷ್ಠನಾಗಿರಬೇಕೆಂಬ ನಿಯಮಕ್ಕೆ ತನ್ನ ಮಟ್ಟಿಗೆ ವಿನಾಯಿತಿ ಕೊಟ್ಟುಕೊಂಡ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ಅದೇ ಮನುಷ್ಯನಿಗೆ ವರ್ಣದ ಕಟ್ಟಳೆ ಅಕ್ಷರ ಅಕ್ಷರವಾಗಿ ನೆನಪಾಯಿತು. ಇಬ್ಬರೂ ತಂದೆಯರನ್ನು ಎಳೆಹೂಟೆ ಶಿಕ್ಷೆ ಕೊಟ್ಟು ಕೊಲ್ಲಿಸಿದನೆಂದು ಶರಣ ಪರಂಪರೆ ಹೇಳುತ್ತದೆ. ನಿಯಮ ಮುರಿದವನಿಗಿಂತ, ತನಗೆ ಬೇಕಾದಾಗ ಮುರಿದು ಬೇಕಾದಾಗ ಹಿಡಿಯುವವನು ಹೆಚ್ಚು ಅಪಾಯಕಾರಿ. ಅವನ ಕೈಯಲ್ಲಿ ನಿಯಮ ಕೋಲಾಗುತ್ತದೆ.

ಈ ಕೋಲು ನಮ್ಮ ಕಾಲದಲ್ಲೂ ಇದೆ. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅಪರಾಧ ಮಾಡಿದರು. ಲಾಟರಿಗೂ ರೇಸ್‌ಕೋರ್ಸಿನ ಕುದುರೆ ಜೂಜಿಗೂ ಅದೇ ಕಾಯ್ದೆ ವಿನಾಯಿತಿ ಕೊಟ್ಟಿತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು, ಅದು ಬೇರೆ ಮಾತು. ಜೂಜು ಕೆಟ್ಟದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮನೆ ಹಾಳಾದ ಪಾಲಕರನ್ನು ಶಾಲೆಯ ಕಟ್ಟೆಯ ಮೇಲೆ ಕೂರಿಸಿ ಸಮಾಧಾನ ಹೇಳಿದ್ದೇನೆ. ಆದರೆ ಟೋಪಿ ಹಾಕಿಕೊಂಡು ಕುದುರೆಯ ಮೇಲೆ ಕಟ್ಟಿದರೆ ಕ್ರೀಡೆ, ಗುಡಿಯ ಹಿಂದೆ ಇಸ್ಪೀಟು ಹಾಕಿದರೆ ಕೇಸು ಎಂದಾಗ, ಹಳ್ಳಿಯ ಹುಡುಗ ಜೂಜು ತಪ್ಪೆಂದು ಕಲಿಯುವುದಿಲ್ಲ. ಬಡವನಾಗಿರುವುದೇ ತಪ್ಪೆಂದು ಕಲಿಯುತ್ತಾನೆ.

ಇಷ್ಟು ಹೇಳಿದಾಗ ಗೆಳೆಯರೊಬ್ಬರು ಕೇಳಿದ ಪ್ರಶ್ನೆ ನನ್ನನ್ನು ಬಹಳ ಕಾಡಿತು. “ಎಲ್ಲಾರಿಗೂ ಒಂದೇ ಅಂದ್ರ ದಯಾ ಎಲ್ಲಿ ಹೋತ್ರಿ ಮಾಸ್ತರ? ಉಪವಾಸ ಬಂದ ಹುಡುಗನ ಮ್ಯಾಲ ಒಂದೀಟು ಕನಿಕರ ತೋರಿಸಬಾರದೇನು?” ದಯೆಯನ್ನೇ ಧರ್ಮದ ಬುಡವೆಂದ ನೆಲದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ನಾನು ಕಂಡುಕೊಂಡ ಉತ್ತರ ಇಷ್ಟು: ದಯೆಯ ಖರ್ಚು ದಯೆ ತೋರಿದವನ ಕಿಸೆಯಿಂದ ಹೋಗಬೇಕು. ಉಪವಾಸ ಬಂದವನಿಗೆ ನನ್ನ ಬುತ್ತಿಯ ರೊಟ್ಟಿ ಕೊಟ್ಟರೆ ದಯೆ. ಅವನ ಮುರಿದ ದಮ್ಮನ್ನು ಕೇಳಿಸದಂತೆ ಬಿಟ್ಟರೆ, ಆ ಅಂಕ ನಾನು ಕೊಟ್ಟದ್ದಲ್ಲ, ಎದುರು ನಿಂತ ಇನ್ನೊಬ್ಬ ಹುಡುಗನಿಂದ ಕಿತ್ತದ್ದು. ಪಕ್ಷಪಾತದ ಸಾಲವನ್ನು ಯಾವಾಗಲೂ ಮೂರನೆಯವನು ತೀರಿಸುತ್ತಾನೆ.

ಸಮ ಎಂದರೆ ಎಲ್ಲರಿಗೂ ಒಂದೇ ಅಳತೆ ಎಂದೂ ಅರ್ಥವಲ್ಲ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದು 12 ಮೀಟರ್ ಉದ್ದ, 8 ಮೀಟರ್ ಅಗಲ. ಈ ವ್ಯತ್ಯಾಸಕ್ಕೆ ನಾನು ಕಂಡ ಯಾವ ಮೈದಾನದಲ್ಲೂ ಜಗಳವಾಗಿಲ್ಲ. ಟಾಸ್ ಹಾಕುವ ಮೊದಲೇ ಸುಣ್ಣ ಹಾಕಿ ತೋರಿಸಿರುತ್ತಾರೆ, ಕಾರಣವನ್ನು ಯಾರು ಬೇಕಾದರೂ ಕೇಳಬಹುದು. ಕಿವಿಯಲ್ಲಿ ಹೇಳಬೇಕಾದ ವಿನಾಯಿತಿ ಬಂದಾಗ ಮಾತ್ರ ಮೈದಾನ ಕೆಡುತ್ತದೆ.

ಹಾಗಾಗಿ ಈಗ ಹುಡುಗರು ಸಲಹೆ ಕೇಳಲು ಬಂದರೆ ನಿರ್ಣಾಯಕರನ್ನು ಬೈಯುವುದನ್ನು ಕಲಿಸುವುದಿಲ್ಲ. “ಲೇ ತಮ್ಮಾ, ನಿನ್ನ ದಮ್ಮು ಮುರದದ್ದು ನಿನಗ ಗೊತ್ತಿರತೈತಿ. ಸೀಟಿ ಆಗಲಿಲ್ಲಂದ್ರ ನೀನ ಕೈ ಎತ್ತು” ಎನ್ನುತ್ತೇನೆ. ನಗುತ್ತಾರೆ. ಹಾಗೆ ಮಾಡಿದರೆ ಕಪ್ಪು ಹೋಗುತ್ತದಲ್ಲ ಸರ ಎನ್ನುತ್ತಾರೆ. ಹೋಗುತ್ತದೆ, ನಿಜ. ಆದರೆ ಅನ್ಯಾಯದ ದೂರು ಸೋತವರಿಂದಲೇ ಬರಬೇಕೆಂದು ಯಾವ ನಿಯಮದ ಪುಸ್ತಕದಲ್ಲೂ ಬರೆದಿಲ್ಲ.