ಪಕ್ಕದ ಬಾಗಿಲು

ಒಬ್ಬನು ತನ್ನ ಮನೆತನದ ಹಿರಿಮೆಯನ್ನು ಹೇಳಿಕೊಳ್ಳುವಾಗ ಪೂರ್ವಿಕರು ಕಟ್ಟಿಸಿದ ಕೆರೆಯನ್ನು ಹೇಳುವನು; ಆ ಕೆರೆಯ ನೀರನ್ನು ಯಾರು ಯಾರು ಮುಟ್ಟಕೂಡದಾಗಿತ್ತೆಂಬುದನ್ನು ಹೇಳುವುದಿಲ್ಲ. ಇದನ್ನು ಸುಳ್ಳೆನ್ನಲಾಗದು, ಕೆರೆ ಇದ್ದುದೂ ನಿಜ, ಪೂರ್ವಿಕರು ಅದನ್ನು ಕಟ್ಟಿಸಿದುದೂ ನಿಜ. ಆದರೂ ಕೇಳುವವರಲ್ಲಿ ಯಾರ ಅಜ್ಜಿ ಆ ಏರಿಯ ಕೆಳಗೆ ಬರಿಗೊಡ ಹಿಡಿದು ನಿಂತಿದ್ದಳೋ ಆತನ ಕಿವಿಗೆ ಆ ಮಾತು ಅರ್ಧ ಸತ್ಯವಾಗಿ ಕೇಳಿಸುವುದು. ಉತ್ಸವದ ದಿನದಲ್ಲಿ ಸತ್ಯವನ್ನು ಎಷ್ಟರಮಟ್ಟಿಗೆ ನುಡಿಯಬೇಕು? ಹೊಗಳಲು ನೆರೆದವರು ಹೊಗಳಿಕೆಗೆ ಕುಂದು ತರುವ ಸಂಗತಿಯನ್ನೂ ಎತ್ತಿ ಹೇಳಬೇಕೆ? ಅಮೆರಿಕಾ ಸಂಯುಕ್ತ ಸಂಸ್ಥಾನದ ಅಲಬಾಮಾ ಪ್ರಾಂತದಲ್ಲಿ, ಬರ್ಮಿಂಗ್‌ಹ್ಯಾಮ್ ನಗರದ ಹಳೆಯ ನಾಟಕಶಾಲೆಯೊಂದನ್ನು ಉಳಿಸಿಕೊಂಡವರಿಗೆ ಈ ಪ್ರಶ್ನೆ ಒಂದು ಬಾಗಿಲಿನ ರೂಪದಲ್ಲಿಯೇ ಎದುರಾಯಿತು.

ಬರ್ಮಿಂಗ್‌ಹ್ಯಾಮ್ ಪುರಾತನ ನಗರವಲ್ಲ. 1871ರಲ್ಲಿ ಅದು ಹುಟ್ಟಿತು. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು ಈ ಮೂರೂ ಒಂದರ ಬಳಿಯೊಂದು ದೊರೆತುದರಿಂದ ಕುಲುಮೆಗಳು ಎದ್ದವು. ಕುಲುಮೆಗಳಿಂದ ಹಣ ಬಂದಿತು. ಹಣ ಬಂದಮೇಲೆ ವಿನೋದ ಬೇಕಾಯಿತು. ಪೇಟೆಯ ನಡುವೆ ಮೂರನೆಯ ಅವೆನ್ಯೂ ಎಂಬ ಬೀದಿಯಲ್ಲಿ 1914ರಲ್ಲಿ ಲಿರಿಕ್ ನಾಟಕಶಾಲೆ ತೆರೆಯಿತು. ಅಲ್ಲಿ ನಡೆಯುತ್ತಿದ್ದುದು ವಾಡ್‌ವಿಲ್ ಎಂಬ ಬಗೆಯ ಆಟ. ಅದರಲ್ಲಿ ಕಥೆಯ ಎಳೆಯೊಂದು ಮೊದಲಿಂದ ಕೊನೆಯವರೆಗೆ ಹರಿಯುವುದಿಲ್ಲ. ಹಾಡುಗಾತಿ ಬಂದು ಹೋದರೆ ಹಾಸ್ಯಗಾರ, ಅವನ ಹಿಂದೆ ದೊಂಬರಾಟದವರು, ಆಮೇಲೆ ಪಳಗಿಸಿದ ನಾಯಿಗಳು. ಹೀಗೆ ತುಣುಕು ತುಣುಕಾಗಿ ಸಂಜೆ ಕಳೆಯುವುದು. ಮಾರ್ಕ್ಸ್ ಸಹೋದರರು, ಮೇ ವೆಸ್ಟ್, ವಿಲ್ ರಾಜರ್ಸ್ ಮೊದಲಾದವರು ಲಿರಿಕ್ ರಂಗವನ್ನು ಮೆಟ್ಟಿದವರೇ. ಧ್ವನಿವರ್ಧಕವಿಲ್ಲದ ಕಾಲವಾದುದರಿಂದ ಕಟ್ಟಿದವರು ಉಪ್ಪರಿಗೆಗಳನ್ನು ರಂಗದ ಹತ್ತಿರಕ್ಕೆ ತಂದಿದ್ದರು. ನಟನ ಪಿಸುಮಾತೂ ಮೇಲಿನ ಸಾಲಿಗೆ ಮುಟ್ಟಬೇಕೆಂಬುದು ಅವರ ಲೆಕ್ಕ. ಮೇಲಿನ ಸಾಲಿನಲ್ಲಿ ಕುಳಿತವರು ಯಾರೆಂಬುದು ಮುಂದೆ ಬರುವುದು.

1927ರ ಡಿಸೆಂಬರಿನಲ್ಲಿ ಲಿರಿಕ್‌ಗೆ ಇದಿರಾಗಿ, ಅದೇ ಬೀದಿಯ ಮತ್ತೊಂದು ಬದಿಯಲ್ಲಿ, ಅಲಬಾಮಾ ಎಂಬ ಚಿತ್ರಮಂದಿರ ಎದ್ದಿತು. ಅದು ಅರಮನೆಯನ್ನು ನಾಚಿಸುವಂಥದು. ಮೂಕಚಿತ್ರಗಳಿಗೆ ಸಂಗೀತ ಕೂಡಿಸಲು ವುರ್ಲಿಟ್ಸರ್ ಕಾರ್ಖಾನೆಯ ಭಾರಿ ಆರ್ಗನ್ ವಾದ್ಯವೊಂದು ಅಲ್ಲಿತ್ತು. ಮುಂದಿನ ಕಥೆ ಅಮೆರಿಕದ ನೂರಾರು ಪಟ್ಟಣಗಳ ಕಥೆಯೇ. ಜನರು ಊರ ಹೊರಗಿನ ಬಡಾವಣೆಗಳಿಗೆ ಹೋದರು, ಮನೆಮನೆಗೂ ಟೆಲಿವಿಷನ್ ಬಂದಿತು, ನಡುಪೇಟೆ ಬರಿದಾಯಿತು. 1950ರ ದಶಕ ಮುಗಿಯುವುದರೊಳಗೆ ಲಿರಿಕ್ ಬಾಗಿಲು ಹಾಕಿತು; ಬಳಿಕ ಕೆಲಕಾಲ ಬೇರೆ ಹೆಸರಿನಲ್ಲಿ ಉಸಿರಾಡಿ, ಮತ್ತೆ ಮುಚ್ಚಿ, ಧೂಳಿಗೂ ಪಾರಿವಾಳಗಳಿಗೂ ಮನೆಯಾಯಿತು.

ಎದುರಿನ ಅಲಬಾಮಾ ಉಳಿದ ಬಗೆ ಮಾತ್ರ ವಿಚಿತ್ರವಾದುದು. ಅದರ ಆರ್ಗನ್ನನ್ನು ಪ್ರೀತಿಸುತ್ತಿದ್ದ ಕೆಲವರು ತಮ್ಮ ಬಿಡುವಿನ ವೇಳೆಯಲ್ಲಿ, ಕೂಲಿಯಿಲ್ಲದೆ, ಅದರ ಕೊಳವೆಗಳನ್ನು ದುರಸ್ತಿಮಾಡಿ ಅದು ದನಿಗೆಡದಂತೆ ನೋಡಿಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಮಂದಿರದ ಒಡೆಯರ ವ್ಯವಹಾರ ಕುಸಿದು ಕಟ್ಟಡವೇ ಕೈಬಿಡುವ ಹೊತ್ತು ಬಂದಾಗ, ವಾದ್ಯವನ್ನು ಉಳಿಸಬೇಕಾದರೆ ಮನೆಯನ್ನೇ ಉಳಿಸಬೇಕೆಂದು ತಿಳಿದು, ಸೆಸಿಲ್ ವ್ಹಿಟ್‌ಮೈರ್ ಎಂಬ ಆರ್ಗನ್ ವಾದಕರೂ ಅವರ ಸಂಗಡಿಗರೂ 1987ರಲ್ಲಿ ಲಾಭದಾಸೆಯಿಲ್ಲದ ಸಂಘವೊಂದನ್ನು ಕಟ್ಟಿ ಅದನ್ನು ಕೊಂಡರು. ವೀಣೆಗಾಗಿ ಮನೆ ಕೊಂಡವರೆಂದು ನಗುವವರು ನಗಲಿ. ಪೇಟೆಯ ಎಷ್ಟೋ ವ್ಯಾಪಾರಿಗಳಿಗೆ ಹೊಳೆಯದಿದ್ದುದು ಅವರಿಗೆ ಹೊಳೆಯಿತು. ಆ ಸಂಘಕ್ಕೇ 1993ರಲ್ಲಿ ಲಿರಿಕ್ ಹತ್ತು ಡಾಲರಿನ ನಾಮಮಾತ್ರದ ಬೆಲೆಗೆ ಬಂದಿತು. ಕೊಳ್ಳುವುದು ಸುಲಭ, ಸರಿಪಡಿಸುವುದು ಕಷ್ಟ. ಹಣ ಕೂಡಿಸಲು ಇಪ್ಪತ್ತು ವರ್ಷಗಳಿಗೂ ಮಿಕ್ಕು ಹಿಡಿಯಿತು. ಕೊನೆಗೆ 2016ರ ಜನವರಿಯಲ್ಲಿ, ತೆರೆದು 102 ವರ್ಷಗಳಾದ ಮೇಲೆ, ಲಿರಿಕ್ ಮತ್ತೆ ದೀಪ ಹಚ್ಚಿಕೊಂಡಿತು.

ಇಂಥ ಮಂದಿರಗಳ ಬಾಗಿಲಲ್ಲಿ ಟಿಕೆಟು ನೋಡುವವರು, ಪೀಠ ತೋರಿಸುವವರು, ನೋಡಬಂದವರಿಗೆ ಕಟ್ಟಡವನ್ನು ಸುತ್ತಿ ತೋರಿಸುವವರು ಬಹುಮಟ್ಟಿಗೆ ಸ್ವಯಂಸೇವಕರು. ಇವರ ಹೆಮ್ಮೆಯನ್ನು ಹಗುರಾಗಿ ಕಾಣತಕ್ಕದ್ದಲ್ಲ. ಕೂಲಿಗೆ ದುಡಿಯುವವನು ಕೆಲಸ ಮುಗಿದೊಡನೆ ಹೊರಡುವನು. ಪ್ರೀತಿಗೆ ದುಡಿಯುವವನು ಹೊರಡುವ ಮುನ್ನ ಒಮ್ಮೆ ತಿರುಗಿ ನೋಡುವನು. ಬೇಸಗೆಯಲ್ಲಿ ಹಳೆಯ ಚಿತ್ರಗಳು, ಚಳಿಗಾಲದ ಹಬ್ಬದಲ್ಲಿ ಊರೆಲ್ಲ ಒಟ್ಟುಗೂಡಿ ನೋಡುವ ಚಿತ್ರಗಳು, ನಡುವೆ ಆರ್ಗನ್ನಿನ ಮೊಳಗು: ಇವನ್ನೆಲ್ಲ ನಡೆಸಿಕೊಂಡು ಬಂದವರು, ‘ಇದು ನಮ್ಮದು’ ಎಂದರೆ ಅದರಲ್ಲಿ ಅಹಂಕಾರಕ್ಕಿಂತ ಮಮತೆಯೇ ಹೆಚ್ಚು.

ಆ ‘ನಮ್ಮದು’ ಎಂಬ ಮಾತಿನೊಳಗೆ ಪಕ್ಕದ ಬಾಗಿಲೂ ಸೇರುವುದೋ ಇಲ್ಲವೋ ಎಂಬುದೇ ಪ್ರಶ್ನೆ. ಲಿರಿಕ್‌ನ ಮುಂಬಾಗಿಲಿನಿಂದ ಬಿಳಿಯರು ಒಳಹೋಗುತ್ತಿದ್ದರು. ಕಪ್ಪು ಜನರಿಗೆ ಬೇರೆ ಬಾಗಿಲು. ಅದರ ಮೇಲೆ ‘ಬಣ್ಣದವರ ಪ್ರವೇಶ’ ಎಂಬರ್ಥದ ಅಕ್ಷರಗಳು. ಒಳಗೆ ಕಡಿದಾದ ಮೆಟ್ಟಿಲು. ಮೆಟ್ಟಿಲು ಮುಗಿದಲ್ಲಿ ಎಲ್ಲಕ್ಕೂ ಮೇಲಿನ ಉಪ್ಪರಿಗೆ. ದಕ್ಷಿಣ ಪ್ರಾಂತಗಳಲ್ಲಿ ಇಂಥ ಅಟ್ಟಗಳನ್ನು ಹದ್ದು ಕೂರುವ ಕೊಂಬೆಯೆಂದು ಪರಿಹಾಸ್ಯದಿಂದ ಕರೆಯುತ್ತಿದ್ದರು. ಈ ಮನೆಯ ಚರಿತ್ರೆಯನ್ನು ಹೇಳುವವರು ಇನ್ನೊಂದು ಸಂಗತಿಯನ್ನೂ ಹೇಳುವುದುಂಟು: ಕಪ್ಪು ಜನರೂ ಬಿಳಿಯರೂ ಒಂದೇ ಆಟವನ್ನು, ಒಂದೇ ಹೊತ್ತಿನಲ್ಲಿ, ಒಂದೇ ಬೆಲೆಗೆ ನೋಡಬಹುದಾಗಿದ್ದ ದಕ್ಷಿಣದ ಮೊದಮೊದಲ ನಾಟಕಶಾಲೆಗಳಲ್ಲಿ ಇದೂ ಒಂದು. ಕಪ್ಪು ಜನರನ್ನು ಒಳಕ್ಕೇ ಬಿಡದ ಮನೆಗಳು ಎಷ್ಟೋ ಇದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹೊಗಳುವವನು ಇದನ್ನು ಹಿಡಿದುಕೊಳ್ಳುವನು; ತೆಗಳುವವನು ಮೆಟ್ಟಿಲನ್ನು ಹಿಡಿದುಕೊಳ್ಳುವನು. ಆದರೆ ಎರಡೂ ಒಂದೇ ಸಂಗತಿಯ ಭಾಗಗಳು. ಒಂದೇ ಬೆಲೆ ಕೊಟ್ಟವನಿಗೆ ಕಡಿದಾದ ಮೆಟ್ಟಿಲೂ ದೂರದ ಪೀಠವೂ ದೊರೆತರೆ ಆ ಸಮಾನತೆ ನಾಟಕಶಾಲೆಯ ಹಣದ ಪೆಟ್ಟಿಗೆಗೆ ಸೇರಿದುದೇ ಹೊರತು ಆ ಮನುಷ್ಯನಿಗೆ ಸೇರಿದುದಲ್ಲ. ಹಾಗೆಂದು ಅವನಿಗೆ ಆಟದ ಸುಖವೇ ದೊರೆಯಲಿಲ್ಲವೆನ್ನುವುದೂ ತಪ್ಪು. ಆ ಅಟ್ಟದಲ್ಲಿಯೂ ಜನರು ಹೊಟ್ಟೆ ಹಿಡಿದು ನಕ್ಕಿರಬೇಕು. ಯಾರೋ ತರುಣನು ಹಾಡೊಂದನ್ನು ಕಲಿತು ಗುನುಗಿಕೊಳ್ಳುತ್ತ ಆ ಮೆಟ್ಟಿಲನ್ನು ಇಳಿದಿರಬೇಕು. ಅವಮಾನವನ್ನು ಉಂಡವರ ನಗೆಯನ್ನು ಅವರಿಂದ ಕಿತ್ತುಕೊಂಡು ಬರಿಯ ಅವಮಾನವನ್ನಷ್ಟೇ ಅವರ ಹೆಸರಿನಲ್ಲಿ ಬರೆದಿಡುವುದೂ ಒಂದು ಅನ್ಯಾಯವೇ.

ಮನೆಯನ್ನು ಹೊಸದುಮಾಡುವಾಗ ಆ ಅಕ್ಷರಗಳನ್ನು ಏನು ಮಾಡತಕ್ಕದ್ದು? ಅಳಿಸಿಬಿಡಬೇಕೆಂಬ ಪಕ್ಷದಲ್ಲಿ ಹುರುಳಿಲ್ಲದೆ ಇಲ್ಲ. ಮಕ್ಕಳನ್ನು ಕರೆದುಕೊಂಡು ಸಂಜೆಯ ವಿನೋದಕ್ಕೆ ಬಂದ ತಾಯಿಯ ಮುಖಕ್ಕೆ ಆ ಹಳೆಯ ಮಾತು ಮತ್ತೆ ಏಕೆ ಹೊಡೆಯಬೇಕು? ಗಾಯವನ್ನು ಕೆರೆದು ತೋರಿಸುವುದು ಗಾಯಗೊಂಡವನ ಹಕ್ಕೇ ಹೊರತು ಮನೆಯೊಡೆಯನದಲ್ಲವೆಂದು ಅವರು ಹೇಳಿಯಾರು. ಇನ್ನು ಕೆಲವರು ಬೇರೆ ಕಾರಣದಿಂದ ಅಳಿಸಬೇಕೆನ್ನುವರು: ನೂರು ವರ್ಷಗಳ ಹಿಂದಿನವರ ತಪ್ಪಿಗೆ ಇಂದು ಪೊರಕೆ ಹಿಡಿದು ಧೂಳು ಹೊಡೆದ ಸೇವಕನು ಏಕೆ ತಲೆತಗ್ಗಿಸಬೇಕು?

ಈ ಎರಡನೆಯ ವಾದವು ಮೇಲುನೋಟಕ್ಕೆ ನ್ಯಾಯವೆನಿಸುವುದು. ಮಾಡದ ತಪ್ಪಿಗೆ ಹೊಣೆಯಿಲ್ಲವೆಂಬುದು ದಿಟ. ಆದರೆ ಅದೇ ಸೇವಕನು ಮೇ ವೆಸ್ಟಳನ್ನು ಕರೆಯಿಸಿದವನೂ ಅಲ್ಲ. ರಂಗದ ಮೇಲ್ಗಡೆಯ ಚಿತ್ರವನ್ನು ಬರೆದವನೂ ಅಲ್ಲ. ಅವುಗಳನ್ನು ಹೇಳುವಾಗ ಅವನ ಎದೆ ಉಬ್ಬುವುದು. ತಾನು ಗಳಿಸದ ಕೀರ್ತಿಯನ್ನು ಮನೆಯೊಡನೆ ಬಳುವಳಿಯಾಗಿ ಪಡೆದವನು, ತಾನು ಮಾಡದ ಸಾಲವನ್ನು ಮಾತ್ರ ನನ್ನದಲ್ಲವೆಂದು ತಳ್ಳಿಹಾಕುವುದು ಯಾವ ಧರ್ಮಶಾಸ್ತ್ರಕ್ಕೂ ಒಪ್ಪದು. ಆಸ್ತಿಯನ್ನು ಹೊತ್ತವನು ಋಣವನ್ನೂ ಹೊರಬೇಕೆಂಬುದು ಹಳ್ಳಿಯ ಪಂಚಾಯಿತಿಗೂ ತಿಳಿದ ನ್ಯಾಯ. ತಲೆತಗ್ಗಿಸಬೇಕೆಂದು ಇದರರ್ಥವಲ್ಲ, ಲೆಕ್ಕದ ಪುಸ್ತಕದಲ್ಲಿ ಎರಡು ಬದಿಗಳನ್ನೂ ಬರೆಯಬೇಕೆಂದಷ್ಟೇ.

ಮೊದಲನೆಯ ವಾದವು ಇಷ್ಟು ಸುಲಭವಾಗಿ ಬಗೆಹರಿಯದು. ಅದಕ್ಕೆ ಉತ್ತರ ಬಹುಶಃ ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿಯೇ ಇದೆ. ಲಿರಿಕ್‌ನಿಂದ ಕೆಲವೇ ಬೀದಿಗಳಾಚೆ, 1963ರಲ್ಲಿ, ಸಮಾನ ಹಕ್ಕು ಕೇಳಿ ಮೆರವಣಿಗೆ ಹೊರಟ ಶಾಲೆಯ ಮಕ್ಕಳ ಮೇಲೆ ನೀರಿನ ಕೊಳವೆಗಳನ್ನು ತಿರುಗಿಸಿದರು, ನಾಯಿಗಳನ್ನು ಬಿಟ್ಟರು. ಆ ವರ್ಷದ ಸೆಪ್ಟೆಂಬರಿನಲ್ಲಿ ಹದಿನಾರನೆಯ ಬೀದಿಯ ಬ್ಯಾಪ್ಟಿಸ್ಟ್ ಇಗರ್ಜಿಯಲ್ಲಿ ಬಾಂಬು ಸಿಡಿದು ನಾಲ್ವರು ಬಾಲಕಿಯರು ಸತ್ತರು. ಆ ಮಕ್ಕಳು ಏನನ್ನು ಕೇಳಿದರೆಂಬುದನ್ನು ಮುಂದಿನವರಿಗೆ ತಿಳಿಸಬೇಕಾದರೆ, ಅವರಿಗೆ ಏನು ನಿರಾಕರಿಸಲ್ಪಟ್ಟಿತ್ತೆಂಬುದಕ್ಕೆ ಗುರುತು ಉಳಿದಿರಬೇಕು. ಎಲ್ಲ ಬಾಗಿಲುಗಳ ಮೇಲೂ ಸುಣ್ಣ ಬಳಿದಮೇಲೆ ಅವರು ಸುಮ್ಮನೆ ಬೀದಿಗಿಳಿದವರಂತೆ ತೋರುವರು.

ಲಿರಿಕ್‌ನವರು ಅಕ್ಷರಗಳನ್ನು ಅಳಿಸಲಿಲ್ಲ. ಆ ಪ್ರವೇಶಕ್ಕೆ ಗಾಜಿನ ಬಾಗಿಲಿಟ್ಟು, ಇದು ಚಾರಿತ್ರಿಕವಾದ ಬಣ್ಣದವರ ಪ್ರವೇಶವೆಂದು ಅದರ ಮೇಲೆ ಕೆತ್ತಿಸಿದರು. ‘ಚಾರಿತ್ರಿಕ’ ಎಂಬ ಒಂದು ಪದ ಸೇರಿದುದರಿಂದ ಆಜ್ಞೆಯಾಗಿದ್ದ ಮಾತು ಸಾಕ್ಷಿಯಾಯಿತು. ಈ ನಿರ್ಧಾರ ಸರಿಯೆಂದೇ ಹೇಳಬೇಕು; ಆದರೂ ಅದರಲ್ಲಿ ಅಪಾಯವಿಲ್ಲದೆ ಇಲ್ಲ. ಗಾಜಿನ ಹಿಂದೆ ಇಟ್ಟುದು ಬೇಗನೆ ಅಲಂಕಾರವಾಗುವುದು. ನೋಡಬಂದವನು ಒಂದು ಗಳಿಗೆ ನಿಂತು, ತಲೆದೂಗಿ, ತಾನು ಆ ಕಾಲದವನಲ್ಲವೆಂಬ ಸಮಾಧಾನದಿಂದ ತನ್ನ ಮೆತ್ತನೆಯ ಪೀಠಕ್ಕೆ ಹೋಗಬಹುದು. ಗಾಜಿಗೆ ಸುಳ್ಳಾಡಲು ಬಾರದು, ನಿಜ. ಮುಂದಿನ ತಿಂಗಳ ಆಟಗಳ ಪಟ್ಟಿಯನ್ನು ಬರೆಯಲೂ ಬಾರದು. ಯಾರ ಹಾಡು, ಯಾರ ಕಥೆ, ಯಾರ ಕುಣಿತ ಆ ರಂಗಕ್ಕೆ ಬರುವುದು. ಟಿಕೆಟಿನ ಬೆಲೆ ಯಾವ ಬೀದಿಯವರ ಕೈಗೆ ಎಟಕುವುದು. ಸಂಘದ ಸಭೆಯಲ್ಲಿ ಯಾರ ಮಾತು ನಡೆಯುವುದು ಎಂಬುದನ್ನು ಪ್ರತಿ ಋತುವಿನಲ್ಲಿಯೂ ಹೊಸದಾಗಿ ಕೇಳಬೇಕಾಗಿದೆ. ಅದು ಗಾಜನ್ನು ಒರೆಸುವುದಕ್ಕಿಂತ ಕಷ್ಟದ ಸೇವೆ.

ಅಂಥ ಒಂದು ಸಂಜೆ ಮುದುಕಿಯೊಬ್ಬಳು ಬಂದು, ತನ್ನ ತಾಯಿ ಇಲ್ಲಿ ಯಾವ ಕಡೆ ಕೂರುತ್ತಿದ್ದಳೆಂದು ಕೇಳಿದಳೆನ್ನಿ. ಆಟ ಮೊದಲಾಗಲು ಇನ್ನು ಹತ್ತು ನಿಮಿಷ. ಹಿಂದೆ ಜನರ ಸಾಲು ನಿಂತಿದೆ. ಸ್ವಯಂಸೇವಕನು ಕೈಯಲ್ಲಿದ್ದ ಟಿಕೆಟುಗಳನ್ನು ಸಂಗಡಿಗನಿಗೆ ಕೊಟ್ಟು, ‘ಈ ಕಡೆ ಬನ್ನಿ ತಾಯಿ’ ಎಂದು ಅವಳನ್ನು ಪಕ್ಕದ ಬೀದಿಯ ಕಡೆಗೆ ಕರೆದುಕೊಂಡು ಹೋಗಲಿ.